ಸೌದಿಯ ಐರನ್, ನಮ್ಮೂರ ಕರೆಂಟು

ಕಾಮರ್ಸ್ ಓದುವವನಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ಮಿತ್ರರು ಕೇಳಬಹುದು. ನಷ್ಟದ ಲೆಕ್ಕವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಸೌದಿಯ ಕೆಲಸ ಬಿಟ್ಟು ಬಂದು ತ್ರಿಪ್ಪುಣಿತ್ತುರದಲ್ಲಿ, ಪೂರ್ಣತ್ರಯೀಶ ದೇವಸ್ಥಾನದ ಹತ್ತಿರ, ಸಣ್ಣ ರಿಪೇರಿ ಅಂಗಡಿ ಇಟ್ಟರು. ಮೊದಲ ದಿನ ಮಾವ ಗಿರಾಕಿಯೊಡನೆ ಮಾತಾಡ್ತಿದ್ದಾಗ, ಅಲ್ಲಿಂದ ತಂದ ಸೋಲ್ಡರಿಂಗ್ ಐರನ್ನನ್ನು ನಾನೇ ಪ್ಲಗ್ಗಿಗೆ ಹಾಕಿದೆ. "ಎಂತ ಮಾರಾಯ, ವಾಸನೆ ಬರ್ತದಲ್ಲ?" ಎಂದು ಮಾವ ತಿರುಗುವಷ್ಟರಲ್ಲಿ ಅದು ಕೆಂಪಗಾಗಿ, ಹೊಗೆಯಾಡಿ, ಸತ್ತುಹೋಯಿತು.

ಆಮೇಲೆ ಹಿಡಿಯ ಮೇಲಿನ ಬರಹ ಓದಿದೆ: ೧೨೭ ವೋಲ್ಟ್, ೪೦ ವ್ಯಾಟ್. ಸೌದಿಯ ಮನೆಗಳಿಗೆ ಬಹುಕಾಲ ಬರುತ್ತಿದ್ದದ್ದು ೧೨೭ ವೋಲ್ಟ್, ೬೦ ಸೈಕಲ್. ೨೩೦ ವೋಲ್ಟಿಗೆ ಬದಲಾಯಿಸುವ ತೀರ್ಮಾನವಾದದ್ದು ೨೦೧೦ರಲ್ಲಿ. ನಮ್ಮದು ೨೩೦ ವೋಲ್ಟ್, ೫೦ ಸೈಕಲ್. ಬರೀ ಕಾಯುವ ತಂತಿಗೆ ಸೈಕಲಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಪೆಟ್ಟು ಕೊಡುವುದು ವೋಲ್ಟೇಜು.

ವೋಲ್ಟೇಜು ದುಪ್ಪಟ್ಟಾದರೆ ಕಾವೂ ದುಪ್ಪಟ್ಟು ಎಂದು ನಾನು ಸರಳ ಬಡ್ಡಿ ಲೆಕ್ಕ ಹಾಕಿದ್ದೆ. ತಪ್ಪು. ವೋಲ್ಟೇಜು ದುಪ್ಪಟ್ಟಾದಾಗ ತಂತಿಯಲ್ಲಿ ಹರಿಯುವ ಕರೆಂಟೂ ದುಪ್ಪಟ್ಟು. ಎರಡನ್ನೂ ಗುಣಿಸಿದರೆ ಕಾವು ನಾಲ್ಕು ಪಟ್ಟು. ೧೨೭ರಿಂದ ೨೩೦ ಎಂದರೆ ೧.೮ ಪಟ್ಟು, ಕಾವು ೩.೩ ಪಟ್ಟು. ೪೦ ವ್ಯಾಟಿನ ಐರನ್ನಿಗೆ ೧೩೧ ವ್ಯಾಟ್ ಉಣ್ಣಿಸಿದ್ದೆ!

ಇದೇ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ. ೨೩೦ ವೋಲ್ಟಿನ ೨೫ ವ್ಯಾಟ್ ಐರನ್ನಿಗೆ ೧೮೦ ವೋಲ್ಟ್ ಮಾತ್ರ ಬಂದರೆ ಕಾವು ೧೫ ವ್ಯಾಟಿಗೆ ಇಳಿಯುತ್ತದೆ. ಲೆಡ್ ಸರಿಯಾಗಿ ಕರಗದೆ, ಅಂಟಿದಂತೆ ಮಾತ್ರ ಕಾಣುತ್ತದೆ. ಗಿರಾಕಿ ಮರುದಿನ ರೇಡಿಯೋ ವಾಪಸ್ ತರುತ್ತಾನೆ.

ಸೌದಿಯ ಐರನ್ನಿಗೆ ಪರಿಹಾರವೇನಿತ್ತು? ಪಕ್ಕದಂಗಡಿಯವರು "ಸೀರೀಸಿನಲ್ಲಿ ೧೦೦ ವ್ಯಾಟಿನ ಬಲ್ಬು ಹಾಕಬೇಕಿತ್ತು" ಎಂದರು. ಹಳೇ ತಂತಿ ಬಲ್ಬಾದರೆ ಲೆಕ್ಕ ಸುಮಾರಾಗಿ ಕೂಡುತ್ತದೆ, ಎಲ್‌ಇಡಿಯಿಂದ ಆಗದು. ಆದರೆ ಆಗಲೂ ಐರನ್ ನೇರವಾಗಿ ಮೈನ್ಸ್ ಲೈನಿಗೇ ಸೇರಿಕೊಂಡಿರುತ್ತದೆ. ಒಳಗೆ ಲೀಕಾದರೆ ಮುಟ್ಟಿದವನಿಗೆ ಶಾಕ್. ಸರಿಯಾದ ದಾರಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು. ೧೦೦ ವಿಎ ಧಾರಾಳ ಸಾಕು. ೧೧೦ ವೋಲ್ಟಿನದು ಸಿಕ್ಕಿದರೂ ೩೦ ವ್ಯಾಟ್ ಕಾವು ಬರುತ್ತದೆ, ರೇಡಿಯೋ ಕೆಲಸಕ್ಕೆ ಅಷ್ಟು ಸಾಕು. ಕೊಳ್ಳುವಾಗ ಎರಡು ಸುತ್ತು ಬೇರೆಬೇರೆ ಇರುವುದನ್ನೇ ಕೇಳಬೇಕು. ಆಟೋ ಟ್ರಾನ್ಸ್‌ಫಾರ್ಮರು ವೋಲ್ಟೇಜು ಇಳಿಸುತ್ತದೆಯೇ ಹೊರತು ಮೈನ್ಸಿನಿಂದ ಬೇರ್ಪಡಿಸುವುದಿಲ್ಲ.

ಮಾವ ಬೈಯಲಿಲ್ಲ, ಅದೇ ಹೆಚ್ಚು ಬೇಸರವಾಯಿತು. ಅವರ ಸೌದಿ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಸಾಮಾನುಗಳಿದ್ದವು. ಪ್ರತಿಯೊಂದರ ಲೇಬಲನ್ನು ಜಮಾಖರ್ಚು ಓದುವ ಹಾಗೆ ಓದಿದೆ. ಒಂದರಲ್ಲಿ ಮಾತ್ರ ‘೧೦೦–೨೪೦ ವೋಲ್ಟ್’ ಎಂದಿತ್ತು. ಅದನ್ನು ಧೈರ್ಯವಾಗಿ ಪ್ಲಗ್ಗಿಗೆ ಹಾಕಿದೆವು. ಉಳಿದ ಮೂರೂ ಟ್ರಾನ್ಸ್‌ಫಾರ್ಮರಿಗಾಗಿ ಕಾಯುತ್ತಿವೆ.