ಆಜೀವ ವಾರಂಟಿಯ ಲೆಕ್ಕಾಚಾರ

ಬಳಸಿದ ತೋಟಾಗಳ ಹಿತ್ತಾಳೆ ಕವಚಕ್ಕೆ ಮತ್ತೆ ಮದ್ದು, ಗುಂಡು ತುಂಬಿ ಉಪಯೋಗಿಸುವುದು ಅಮೆರಿಕದ ಅನೇಕ ಗುರಿಕಾರರ ಹವ್ಯಾಸ. ಇದಕ್ಕೆ ಯಂತ್ರ ತಯಾರಿಸುವ ಅರಿಜೋನಾದ ಡಿಲನ್ ಪ್ರಿಸಿಷನ್ ಸಂಸ್ಥೆಯು ಹವ್ಯಾಸಿಗಳ ಯಂತ್ರಗಳಿಗೆ, ಅವು ಎರಡನೆಯ ಒಡೆಯನ ಕೈಸೇರಿದರೂ, ಆಜೀವ ವಾರಂಟಿ ನೀಡಿ ಹೆಸರು ಗಳಿಸಿದೆ. ವಾಣಿಜ್ಯ ದರ್ಜೆಯ ಯಂತ್ರಕ್ಕಾದರೋ ಒಂದೇ ವರ್ಷ. ಬಳಕೆ ಹೆಚ್ಚಿದಂತೆ ಸವೆತವೂ ಬದಲಿ ಭಾಗಗಳ ವೆಚ್ಚವೂ ಹೆಚ್ಚುವುದರಿಂದ ಈ ಭೇದ ಸಮಂಜಸವಾಗಿದೆ.

ನಮ್ಮ ಯಂತ್ರ ತಯಾರಕರಿಗೂ ಇದರಲ್ಲಿ ಪಾಠವಿದೆ. ವಾರಂಟಿಯು ಬರಿಯ ಪ್ರಚಾರವಲ್ಲ. ಮಾರಾಟದೊಡನೆಯೇ ಹುಟ್ಟುವ ಹೊಣೆ. ಲೆಕ್ಕಪತ್ರ ಮಾನಕ 29ರಂತೆ ಅದಕ್ಕೆ ಆ ವರ್ಷವೇ ಪ್ರಾವಿಷನ್ ಮಾಡಬೇಕು. ಹಿಂದಿನ ಅನುಭವದ ಆಧಾರದಲ್ಲಿ ವೈಜ್ಞಾನಿಕವಾಗಿ ಅಂದಾಜಿಸಿದ ಪ್ರಾವಿಷನ್‌ಗೆ ಆದಾಯ ತೆರಿಗೆಯಲ್ಲಿ ಕಡಿತವುಂಟೆಂದು ಸುಪ್ರೀಂ ಕೋರ್ಟ್ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದುದರಿಂದ ದುರಸ್ತಿಯ ದಾಖಲೆಯಿಡದ ಉದ್ಯಮಿಯು ದೀರ್ಘ ವಾರಂಟಿಯ ಭರವಸೆ ನೀಡದಿರುವುದೇ ಲೇಸು.