ಮಾರಾಟಕ್ಕಿಲ್ಲ ಎಂದ ಪ್ರೇಕ್ಷಕರು

ಜರ್ಮನಿಯ ವೃತ್ತಿಪರ ಫುಟ್‌ಬಾಲ್‌ನಲ್ಲಿ 2023-24ರ ಋತು ಎರಡು ಕಾರಣಗಳಿಗಾಗಿ ನೆನಪಿನಲ್ಲಿ ಉಳಿಯತಕ್ಕದ್ದು. ಮೊದಲನೆಯದು ಕ್ರೀಡಾಸಕ್ತರೆಲ್ಲರಿಗೂ ಗೊತ್ತು. 1904ರಲ್ಲಿ ಹುಟ್ಟಿದ, ಅಲ್ಲಿಂದೀಚೆಗೆ ಒಮ್ಮೆಯೂ ಲೀಗ್ ಗೆಲ್ಲದಿದ್ದ ಬೇಯರ್ ಲೆವರ್‌ಕೂಸೆನ್ ತಂಡ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಬುಂಡೆಸ್‌ಲಿಗಾ ಪ್ರಶಸ್ತಿ ಪಡೆಯಿತು. ಎರಡನೆಯ ಕಾರಣ ಅಂಕಪಟ್ಟಿಯಲ್ಲಿ ಕಾಣಸಿಗುವುದಿಲ್ಲ. ಅದೇ ಚಳಿಗಾಲದಲ್ಲಿ, ಲೀಗ್‌ನ ಭವಿಷ್ಯದ ಆದಾಯದಲ್ಲಿ ಒಂದು ಪಾಲನ್ನು ಖಾಸಗಿ ಹೂಡಿಕೆ ಸಂಸ್ಥೆಗೆ ಮಾರುವ ಯೋಜನೆಯನ್ನು ಆ ದೇಶದ ಸಾಮಾನ್ಯ ಪ್ರೇಕ್ಷಕರು ಕೈಬಿಡುವಂತೆ ಮಾಡಿದರು. ಹಣಕ್ಕೆ ಇದಿರಾಗಿ ನಿಂತು ಪ್ರೇಕ್ಷಕ ಗೆದ್ದ ಉದಾಹರಣೆಗಳು ಇಂದಿನ ಕ್ರೀಡಾ ಜಗತ್ತಿನಲ್ಲಿ ವಿರಳ. ಆದುದರಿಂದ ಈ ಎರಡನೆಯ ಪ್ರಕರಣವನ್ನು ತುಸು ವಿವರವಾಗಿ ನೋಡುವುದು ಉಚಿತ.

ಮೊದಲು ಮೈದಾನದ ಕಥೆ. 2022ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಕ್ಸಾಬಿ ಅಲೊನ್ಸೊ ತರಬೇತುದಾರರಾಗಿ ಬಂದಾಗ ಲೆವರ್‌ಕೂಸೆನ್ ಪಟ್ಟಿಯ ತಳದಿಂದ ಎರಡನೆಯ ಸ್ಥಾನದಲ್ಲಿತ್ತು. ಐದು ಬಾರಿ ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟು ನಗೆಪಾಟಲಿಗೆ ಈಡಾಗಿದ್ದ ತಂಡವದು. 2024ರ ಏಪ್ರಿಲ್ 14ರಂದು ವೆರ್ಡರ್ ಬ್ರೆಮೆನ್ ತಂಡವನ್ನು 5-0 ಅಂತರದಿಂದ ಮಣಿಸಿ, ಇನ್ನೂ ಐದು ಪಂದ್ಯಗಳು ಉಳಿದಿರುವಾಗಲೇ ಅದು ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. 28 ಗೆಲುವು, 6 ಡ್ರಾ, 90 ಅಂಕ. ಹಿಂದಿನ ವರ್ಷ ಕೆಳಗಿನ ವಿಭಾಗಕ್ಕೆ ಜಾರುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದ ಸ್ಟುಟ್‌ಗಾರ್ಟ್ ಎರಡನೆಯದಾಯಿತು. ಸತತ ಹನ್ನೊಂದು ವರ್ಷ ಚಾಂಪಿಯನ್ ಆಗಿದ್ದ ಬಯರ್ನ್ ಮ್ಯೂನಿಕ್, ಹ್ಯಾರಿ ಕೇನ್ 36 ಗೋಲು ಗಳಿಸಿಯೂ, ಮೂರನೆಯ ಸ್ಥಾನಕ್ಕೆ ಇಳಿಯಿತು. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಹೈಡೆನ್‌ಹೈಮ್ ಎಂಬ ಪಟ್ಟಣದ ತಂಡ ತನ್ನ ಚೊಚ್ಚಲ ಋತುವಿನಲ್ಲೇ ಎಂಟನೆಯ ಸ್ಥಾನ ಪಡೆದು ಯುರೋಪಿಯನ್ ಸ್ಪರ್ಧೆಗೆ ಅರ್ಹವಾಯಿತು.

ಮೈದಾನದ ಹೊರಗೆ ನಡೆದುದನ್ನು ಅರಿಯಬೇಕಾದರೆ ಜರ್ಮನಿಯ ಒಂದು ನಿಯಮವನ್ನು ತಿಳಿದಿರಬೇಕು. ಅಲ್ಲಿ ಫುಟ್‌ಬಾಲ್ ಕ್ಲಬ್ ಎಂದರೆ ಮೂಲತಃ ಸದಸ್ಯರ ಸಂಘ. 1998ರಲ್ಲಿ ವೃತ್ತಿಪರ ತಂಡಗಳನ್ನು ಪ್ರತ್ಯೇಕ ಕಂಪನಿಗಳಾಗಿ ಪರಿವರ್ತಿಸಲು ಅನುಮತಿ ದೊರೆತಾಗ ಒಂದು ಷರತ್ತನ್ನು ವಿಧಿಸಲಾಯಿತು: ಬಂಡವಾಳ ಯಾರದೇ ಇರಲಿ, ಕಂಪನಿಯ ಮತಗಳಲ್ಲಿ ಬಹುಮತ ಮಾತ್ರ ಮಾತೃಸಂಘದ ಬಳಿಯೇ ಉಳಿಯಬೇಕು. ‘50+1’ ಎಂದು ಹೆಸರಾದ ನಿಯಮ ಇದೇ. ಹಣ ಹಾಕುವವನಿಗೆ ಲಾಭದಲ್ಲಿ ಪಾಲುಂಟು, ಯಜಮಾನಿಕೆ ಇಲ್ಲ ಎಂಬುದು ಇದರ ತಾತ್ಪರ್ಯ.

ಎರಡು ಉನ್ನತ ವಿಭಾಗಗಳ 36 ಕ್ಲಬ್‌ಗಳ ಒಕ್ಕೂಟವಾದ ಡಿಎಫ್‌ಎಲ್ ಈ ನಿಯಮವನ್ನು ನೇರವಾಗಿ ಮುಟ್ಟಲಿಲ್ಲ. ಅದು ಬೇರೊಂದು ದಾರಿ ಹುಡುಕಿತು. ಪ್ರಸಾರ ಹಕ್ಕುಗಳ ಆದಾಯದಲ್ಲಿ ಗರಿಷ್ಠ ಶೇ 8ರಷ್ಟನ್ನು ಇಪ್ಪತ್ತು ವರ್ಷಗಳ ಕಾಲ ಹೂಡಿಕೆದಾರನಿಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಸುಮಾರು 100 ಕೋಟಿ ಯೂರೊ ಮುಂಗಡವಾಗಿ ಪಡೆಯುವ ಯೋಜನೆ ಅದು. ಆ ಹಣದಿಂದ ಡಿಜಿಟಲ್ ವ್ಯವಸ್ಥೆಯನ್ನು ಬಲಪಡಿಸಿ ವಿದೇಶಿ ಮಾರುಕಟ್ಟೆಯನ್ನು ವಿಸ್ತರಿಸುವುದು ಉದ್ದೇಶವಾಗಿತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನೊಂದಿಗಿನ ಆದಾಯದ ಅಂತರ ಹಿಗ್ಗುತ್ತಲೇ ಇದ್ದುದರಿಂದ ಈ ಚಿಂತೆ ನಿರಾಧಾರವಾಗಿರಲಿಲ್ಲ.

ಆದರೆ ಲೆಕ್ಕ ಹಾಕಿ ನೋಡೋಣ. ಆಗ ಬುಂಡೆಸ್‌ಲಿಗಾದ ದೇಶೀಯ ಪ್ರಸಾರ ಆದಾಯ ವರ್ಷಕ್ಕೆ ಸುಮಾರು 110 ಕೋಟಿ ಯೂರೊ, ವಿದೇಶಿ ಆದಾಯ ಸುಮಾರು 20 ಕೋಟಿ. ಇದರ ಶೇ 8 ಎಂದರೆ ಹತ್ತು ಕೋಟಿಗೂ ಮಿಗಿಲು. ಆದಾಯ ಒಂದಿಷ್ಟೂ ಏರದೆ ಇದ್ದಲ್ಲಿಯೇ ನಿಂತರೂ ಇಪ್ಪತ್ತು ವರ್ಷಗಳಲ್ಲಿ ಹಿಂದಿರುಗಿಸಬೇಕಾದ ಮೊತ್ತ 200 ಕೋಟಿ ಯೂರೊ ದಾಟುತ್ತದೆ. ಸಾಲವೆಂದು ಭಾವಿಸಿದರೆ ಇದು ಶೇ 8ಕ್ಕಿಂತ ತುಸು ಹೆಚ್ಚಿನ ಬಡ್ಡಿ. ಆದಾಯ ಏರಿದಂತೆಲ್ಲ ಬಡ್ಡಿಯೂ ಏರುತ್ತದೆ. ಆದಾಯ ಕುಸಿದರೆ ನಷ್ಟದಲ್ಲಿ ಹೂಡಿಕೆದಾರನೂ ಭಾಗಿ ಎಂಬುದು ನಿಜ. ಆದರೆ ಹಾಗೆ ಭಾಗಿಯಾದವನು ಪಂದ್ಯದ ವೇಳೆ, ಸ್ಥಳ, ಸ್ವರೂಪಗಳ ಕುರಿತು ಇಂದಲ್ಲ ನಾಳೆ ಮಾತನಾಡದೆ ಇರುವನೇ? ಜರ್ಮನ್ ಪ್ರೇಕ್ಷಕರ ಆತಂಕ ಇದೇ ಆಗಿತ್ತು.

ಯೋಜನೆ ಮಂಡನೆಯಾದ ರೀತಿಯೂ ಸಂಶಯಕ್ಕೆ ಎಡೆಮಾಡಿತು. 2023ರ ಮೇ ತಿಂಗಳಲ್ಲಿ ಇಂಥದ್ದೇ ಒಂದು ದೊಡ್ಡ ಪ್ರಸ್ತಾವಕ್ಕೆ 20 ಮತಗಳಷ್ಟೇ ಬಿದ್ದು, ಮೂರನೇ ಎರಡರಷ್ಟು ಬಹುಮತ ದೊರೆಯದೆ ಅದು ಬಿದ್ದುಹೋಗಿತ್ತು. ಡಿಸೆಂಬರ್ 11ರಂದು ಮರಳಿ ಬಂದ ಪ್ರಸ್ತಾವಕ್ಕೆ ರಹಸ್ಯ ಮತದಾನದಲ್ಲಿ 24 ಮತಗಳು ಲಭಿಸಿದವು. ಬೇಕಾಗಿದ್ದುದು ನಿಖರವಾಗಿ 24. ಇಲ್ಲಿ ಹ್ಯಾನೋವರ್ 96 ಕ್ಲಬ್‌ನ ಮತ ವಿವಾದದ ಕೇಂದ್ರವಾಯಿತು. ವಿರುದ್ಧವಾಗಿ ಮತ ಚಲಾಯಿಸುವಂತೆ ಮಾತೃಸಂಘ ತನ್ನ ವ್ಯವಸ್ಥಾಪಕ ಮಾರ್ಟಿನ್ ಕಿಂಡ್ ಅವರಿಗೆ ಸೂಚನೆ ನೀಡಿತ್ತು. ಅವರು ಯಾವ ಕಡೆಗೆ ಮತ ಹಾಕಿದರೆಂಬುದನ್ನು ಬಹಿರಂಗಪಡಿಸಲಿಲ್ಲ. ಸದಸ್ಯರ ಬಹುಮತವೇ ಅಂತಿಮ ಎನ್ನುವ ನಿಯಮದ ಮೇಲೆ ನಿಂತ ವ್ಯವಸ್ಥೆಯಲ್ಲಿ, ಸದಸ್ಯರ ಆದೇಶ ಪಾಲನೆಯಾಯಿತೇ ಇಲ್ಲವೇ ಎಂದು ತಿಳಿಯುವ ಉಪಾಯವೇ ಇರಲಿಲ್ಲ!

ಪ್ರೇಕ್ಷಕರ ಪ್ರತಿಭಟನೆ ಆರಂಭವಾದದ್ದು ಮೌನದಿಂದ. ಪಂದ್ಯದ ಮೊದಲ ಹನ್ನೆರಡು ನಿಮಿಷ ಗ್ಯಾಲರಿಗಳು ದನಿ ಎತ್ತಲಿಲ್ಲ. ಜನವರಿ-ಫೆಬ್ರುವರಿ ವೇಳೆಗೆ ಮೈದಾನಕ್ಕೆ ಟೆನಿಸ್ ಚೆಂಡುಗಳೂ ಚಾಕೊಲೇಟ್ ನಾಣ್ಯಗಳೂ ಬಂದು ಬೀಳತೊಡಗಿದವು. ರಿಮೋಟ್ ಚಾಲಿತ ಆಟಿಕೆ ಕಾರುಗಳು ಹುಲ್ಲಿನ ಮೇಲೆ ಓಡಾಡಿದವು. ಬರ್ಲಿನ್‌ನಲ್ಲಿ ಹರ್ಟಾ ಮತ್ತು ಹ್ಯಾಂಬರ್ಗ್ ನಡುವಣ ಪಂದ್ಯ ಅರ್ಧ ಗಂಟೆಗೂ ಹೆಚ್ಚು ಕಾಲ ನಿಂತುಹೋಯಿತು. ಕೊನೆಯ ಹಂತದಲ್ಲಿ ಉಳಿದಿದ್ದ ಎರಡು ಹೂಡಿಕೆ ಸಂಸ್ಥೆಗಳ ಪೈಕಿ ಬ್ಲ್ಯಾಕ್‌ಸ್ಟೋನ್ ಹಿಂದೆ ಸರಿಯಿತು. ಉಳಿದದ್ದು ಸಿವಿಸಿ ಮಾತ್ರ. ಫೆಬ್ರುವರಿ 21ರಂದು ಡಿಎಫ್‌ಎಲ್ ಇಡೀ ಪ್ರಕ್ರಿಯೆಯನ್ನು ಕೈಬಿಟ್ಟಿತು.

ಇಷ್ಟಕ್ಕೇ ಜಯಘೋಷ ಮಾಡುವುದು ಸರಿಯಲ್ಲ. ಆ ವರ್ಷದ ಚಾಂಪಿಯನ್ ಲೆವರ್‌ಕೂಸೆನ್ 50+1 ನಿಯಮಕ್ಕೆ ಒಳಪಟ್ಟ ಕ್ಲಬ್ ಅಲ್ಲ. ಅದು ಬೇಯರ್ ಕಂಪನಿಯ ಕಾರ್ಮಿಕರು ಕಟ್ಟಿದ ತಂಡ. ಇಂದಿಗೂ ಕಂಪನಿಯ ಒಡೆತನದಲ್ಲಿದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಿರಂತರ ಬೆಂಬಲ ನೀಡಿದ ಪೋಷಕರಿಗೆ ಇದ್ದ ವಿನಾಯಿತಿ ಅದಕ್ಕೂ ಫೋಕ್ಸ್‌ವ್ಯಾಗನ್ ಒಡೆತನದ ವೂಲ್ಫ್ಸ್‌ಬರ್ಗ್‌ಗೂ ದೊರೆತಿತ್ತು. ಇಂಥ ವಿನಾಯಿತಿಗಳನ್ನು ಜರ್ಮನಿಯ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರವು 2021ರಿಂದಲೂ ಪ್ರಶ್ನಿಸುತ್ತ ಬಂದಿದೆ. ಮೇಲಾಗಿ, ಬಯರ್ನ್ ಸತತ ಹನ್ನೊಂದು ಬಾರಿ ಗೆದ್ದದ್ದೂ ಈ ನಿಯಮದ ನೆರಳಿನಲ್ಲೇ. 2025ರಲ್ಲಿ ಪ್ರಶಸ್ತಿ ಮತ್ತೆ ಬಯರ್ನ್ ಪಾಲಾಯಿತು. ಅದೇ ವರ್ಷ ಅಲೊನ್ಸೊ ಮ್ಯಾಡ್ರಿಡ್‌ಗೂ, ತಂಡದ ಯುವ ತಾರೆ ಫ್ಲೋರಿಯನ್ ವಿರ್ಟ್ಸ್ ಲಿವರ್‌ಪೂಲ್‌ಗೂ ತೆರಳಿದರು. 50+1 ನಿಯಮ ಸ್ಪರ್ಧೆಯಲ್ಲಿ ಸಮಾನತೆ ತರುತ್ತದೆಂಬ ವಾದಕ್ಕೆ ಪುರಾವೆ ದುರ್ಬಲ.

ಹಾಗಾದರೆ ಅದರ ಪ್ರಯೋಜನವೇನು? ನಿರ್ಧಾರ ಕೈಗೊಳ್ಳುವವರು ಉತ್ತರ ಹೇಳಲೇಬೇಕಾದ ಒಂದು ಸಭೆಯನ್ನು ಅದು ಉಳಿಸಿದೆ. ಅಲ್ಲಿನ ಪ್ರೇಕ್ಷಕ ಬರಿಯ ಗ್ರಾಹಕನಲ್ಲ, ಮತದಾರ. ಡಾರ್ಟ್‌ಮುಂಡ್‌ನಲ್ಲಿ ಸುಮಾರು 25,000 ಮಂದಿ ನಿಂತು ಪಂದ್ಯ ನೋಡುವ ಗ್ಯಾಲರಿ ಇಂದಿಗೂ ಇರುವುದು, ಟಿಕೆಟ್ ದರ ಸಾಮಾನ್ಯನ ಕೈಗೆ ಎಟಕುವಂತಿರುವುದು ಇದರ ಫಲ. ಹೂಡಿಕೆ ತಪ್ಪಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. 2025ರಿಂದ 2029ರವರೆಗಿನ ದೇಶೀಯ ಪ್ರಸಾರ ಹಕ್ಕುಗಳು 448.4 ಕೋಟಿ ಯೂರೊಗೆ, ಹಿಂದಿಗಿಂತ ಶೇ 2ರಷ್ಟು ಹೆಚ್ಚಿಗೆ, ಮಾರಾಟವಾದವು. ಇಂಗ್ಲೆಂಡಿನಲ್ಲಿ ಅದೇ ನಾಲ್ಕು ವರ್ಷಗಳ ಹಕ್ಕಿಗೆ 670 ಕೋಟಿ ಪೌಂಡ್ ದೊರೆತಿದೆ ಎಂಬುದನ್ನೂ ಮರೆಯಬಾರದು. ಜರ್ಮನ್ ಪ್ರೇಕ್ಷಕ ಈ ಅಂತರವನ್ನು ಅರಿತೇ ತನ್ನ ಆಯ್ಕೆ ಮಾಡಿದ.

ನಮ್ಮಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗೆ ಒಂದು ಖಾಸಗಿ ಸಂಸ್ಥೆಗೆ ವಹಿಸಿತು. ಆ ಹಣದಿಂದ ಇಂಡಿಯನ್ ಸೂಪರ್ ಲೀಗ್ ಹುಟ್ಟಿತೆಂಬುದನ್ನು ಒಪ್ಪಬೇಕು. ಆದರೆ 2025ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ನವೀಕರಣದ ಮಾತುಕತೆ ಫಲಿಸದೆ, ಲೀಗ್ ನಿಗದಿತ ಕಾಲಕ್ಕೆ ಆರಂಭವಾಗಲಿಲ್ಲ. ಬೆಂಗಳೂರು ಎಫ್‌ಸಿ ತನ್ನ ಆಟಗಾರರ ವೇತನವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ಒಂದೇ ಒಪ್ಪಂದದ ಮೇಲೆ ಇಡೀ ಆಟ ನಿಂತಿದ್ದರೆ, ಒಪ್ಪಂದ ಮುಗಿದ ದಿನ ಆಟವೂ ನಿಲ್ಲುತ್ತದೆ.

ಬೆಂಗಳೂರಿಗೆ ಲೆವರ್‌ಕೂಸೆನ್‌ನಂಥ ಕಾರ್ಖಾನೆ ತಂಡಗಳು ಅಪರಿಚಿತವಲ್ಲ. ಐಟಿಐ, ಎಚ್‌ಎಎಲ್ ತಂಡಗಳು ಈ ನಗರದ ಫುಟ್‌ಬಾಲ್‌ಗೆ ಆಧಾರವಾಗಿದ್ದವು. ಎಚ್‌ಎಎಲ್ ಐ-ಲೀಗ್‌ನಲ್ಲೂ ಆಡಿತ್ತು. ಆ ಕಾಲ ಮರಳಿ ಬರಲಾರದು, ಖಾಸಗಿ ಬಂಡವಾಳವಿಲ್ಲದೆ ಇಂದು ಲೀಗ್ ನಡೆಸಲೂ ಆಗದು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಫೆಡರೇಷನ್‌ಗಳ ಕಾರ್ಯಕಾರಿ ಸಮಿತಿಗಳಲ್ಲಿ ಕ್ರೀಡಾಪಟುಗಳಿಗೆ ಸ್ಥಾನ ಕಲ್ಪಿಸಿರುವುದು ಸ್ವಾಗತಾರ್ಹ ಹೆಜ್ಜೆ. ಮುಂದಿನ ಹೆಜ್ಜೆಯಾಗಿ, ದೀರ್ಘಾವಧಿಯ ವಾಣಿಜ್ಯ ಒಪ್ಪಂದಗಳ ಷರತ್ತುಗಳನ್ನು ಸಹಿಗೆ ಮುನ್ನ ಸಾರ್ವಜನಿಕರ ಮುಂದಿಡುವುದು, ನೋಂದಾಯಿತ ಪ್ರೇಕ್ಷಕ ಸಂಘಗಳ ಅಭಿಪ್ರಾಯ ಪಡೆಯುವುದು ಕಡ್ಡಾಯವಾಗಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಟಿಕೆಟ್ ಕೊಂಡವನಿಗೂ ಆಟದಲ್ಲಿ ಒಂದು ಹಕ್ಕಿದೆ ಎಂದು ಒಪ್ಪುವ ಮನಸ್ಸಿದ್ದರೆ ಸಾಕು.