ಹೆಣ್ಣಾಳಿನ ಕೆಲಸ ‘ಹಗುರ’ ಎಂದವರು ಯಾರು?

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಸೀಮೆಯ ತೊಗರಿ ಹೊಲಗಳಲ್ಲಿ ಕೂಲಿಯ ಲೆಕ್ಕ ಇಂದಿಗೂ ಎರಡು ಬಗೆಯದು. ಗಂಡಾಳಿಗೊಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆಯ ಇನ್ನೊಂದು ದರ. ಏಕೆಂದು ಅಲ್ಲಿನ ಹಿರಿಯ ರೈತರೊಬ್ಬರನ್ನು ಕೇಳಿದಾಗ, ‘ಹೆಣ್ಮಕ್ಕಳ ಕೆಲಸ ಹಗುರ ಅದ ಸಾಹೇಬ್ರ’ ಎಂಬ ಉತ್ತರ ಬಂತು. ಹಾಗಾದರೆ ಅದೇ ಕೂಲಿಗೆ ಕಳೆ ಕೀಳಲು ಗಂಡಸರನ್ನು ಕಳಿಸಬಹುದಲ್ಲ ಎಂದೆ. ಅವರು ನಕ್ಕರು. ‘ಗಂಡಾಳು ದಿನಪೂರ್ತಿ ಬಗ್ಗಿ ಕೆಲಸ ಮಾಡ್ತಾನೇನ್ರೀ?’

ಈ ಎರಡು ಉತ್ತರಗಳು ಒಂದೇ ಬಾಯಿಯಿಂದ ಬಂದವು. ಎರಡೂ ಏಕಕಾಲಕ್ಕೆ ನಿಜವಾಗಿರುವುದು ಸಾಧ್ಯವಿಲ್ಲ.

ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ಸಂವಿಧಾನದ 39ನೆಯ ವಿಧಿಯಲ್ಲೇ ಇದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ವೇತನ ಸಂಹಿತೆ ಜಾರಿಗೆ ಬಂದಿದೆ. ಕನಿಷ್ಠ ವೇತನದ ಅಧಿಸೂಚನೆಯಲ್ಲಿಯೂ ಹೆಣ್ಣು–ಗಂಡೆಂಬ ಭೇದವಿಲ್ಲ. ತೊಡಕಿರುವುದು ‘ಒಂದೇ ಬಗೆಯ ಅಥವಾ ಅದನ್ನು ಹೋಲುವ ಕೆಲಸ’ ಎಂಬ ಮಾತಿನಲ್ಲಿ. ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೊಗ್ರಾಫರ್ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಹೆಚ್ಚು ಸಂಬಳ ಪಡೆಯುವ ಪುರುಷ ಸ್ಟೆನೊಗ್ರಾಫರುಗಳು ಅದೇ ಕಂಪನಿಯಲ್ಲಿದ್ದುದರಿಂದ ಹೋಲಿಕೆ ಸಾಧ್ಯವಾಯಿತು. ತೊಗರಿ ಹೊಲದಲ್ಲಿ ಎಡೆ ಹೊಡೆಯುವವನು, ಔಷಧಿ ಸಿಂಪಡಿಸುವವನು ಗಂಡಸು. ಕಳೆ ಕೀಳುವವಳು, ಕುಡಿ ಚಿವುಟುವವಳು ಹೆಂಗಸು. ಹೋಲಿಸಲು ಪಕ್ಕದ ಸಾಲಿನಲ್ಲಿ ಗಂಡಸೇ ಇಲ್ಲದಿದ್ದರೆ ಅವಳು ಯಾರನ್ನು ತೋರಿಸಿ ದಾವೆ ಹೂಡಬೇಕು?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬೇಕು. ಕೆಲಸದ ಬೆಲೆ ಎತ್ತುವ ಭಾರದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಹಾಗಾಗಿದ್ದರೆ ಕಡತಕ್ಕೆ ಸಹಿ ಹಾಕುತ್ತಿದ್ದ ನನ್ನಂಥವರು ಉಪವಾಸ ಬೀಳಬೇಕಿತ್ತು. ಕಪ್ಪು ನೆಲದಲ್ಲಿ ಮಳೆ ಬಿದ್ದ ಮೇಲೆ ಸಕಾಲಕ್ಕೆ ಕಳೆ ತೆಗೆಯದಿದ್ದರೆ, 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಇಳುವರಿಯೇ ಕುಸಿಯುತ್ತದೆ. ಆದರೂ ಕೂಲಿ ಏರದಿರುವುದಕ್ಕೆ ಕಾರಣ, ಆಕೆಗೆ ಬೇರೆ ದಾರಿ ಇಲ್ಲದಿರುವುದು. ಗಂಡಸು ಸೊಲ್ಲಾಪುರಕ್ಕೋ ಪುಣೆಗೋ ದುಡಿಯಲು ಹೋಗಬಲ್ಲ. ಮಕ್ಕಳು, ವೃದ್ಧರು, ದನಕರುಗಳನ್ನು ಬಿಟ್ಟು ಆಕೆ ಹೊರಡಲಾರಳು. ಹಾಗೆಂದು ರೈತನನ್ನು ಖಳನಾಗಿಸುವುದೂ ನ್ಯಾಯವಲ್ಲ. ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿದ ಒಣಭೂಮಿಯ ಬೇಸಾಯಗಾರ ಅವನು.

ಬೇರೆ ದಾರಿಯೊಂದು ತೆರೆದದ್ದು 2006ರಲ್ಲಿ. ಉದ್ಯೋಗ ಖಾತರಿ ಯೋಜನೆಯ ಮೊದಲ 200 ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ ಕೂಡ ಇತ್ತು. ಒಂದೇ ಹಾಜರಿ ಪಟ್ಟಿ, ಒಂದೇ ದರ. 2025–26ರಲ್ಲಿ ಕರ್ನಾಟಕದಲ್ಲಿ ಅದು 370 ರೂಪಾಯಿ. ಪಾವತಿ ತಡವಾಗುತ್ತಿತ್ತು, ಕಾಮಗಾರಿ ಕಳಪೆಯೂ ಇರುತ್ತಿತ್ತು, ಅಲ್ಲಗಳೆಯುವುದಿಲ್ಲ. ಆದರೆ ‘ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತೇನೆ’ ಎನ್ನುವ ಬಲ ಹೆಣ್ಣಾಳಿಗೆ ಬಂದದ್ದು ಅದರಿಂದ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ‘ವಿಬಿ–ಜಿ ರಾಮ್ ಜಿ’ ಕಾಯ್ದೆ ಖಾತರಿಯನ್ನು 125 ದಿನಗಳಿಗೆ ಏರಿಸುತ್ತದೆ. ಜೊತೆಗೆ, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶ ನೀಡುತ್ತದೆ. ಹೆಣ್ಣಾಳಿಗೆ ಬೇಡಿಕೆ ಇರುವ ದಿನಗಳೂ ಅವೇ. ಚೌಕಾಸಿಗೆ ನಿಲ್ಲಬಹುದಾದ ಹೊತ್ತಿನಲ್ಲೇ ಆಕೆಯ ಊರುಗೋಲು ಕಸಿದಂತಾಗುವುದಿಲ್ಲವೇ?

ಕೂಲಿಯ ಕಡಿತವನ್ನು ಕಡೆಗೆ ಭರಿಸುವುದು ದೇಹ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಪುರುಷರಲ್ಲಿ ಶೇ 19.6. ದೇಶದಲ್ಲಿ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ, ಗಂಡು 88 ನಿಮಿಷ ಕೊಡುತ್ತಾರೆಂದು 2024ರ ಸಮಯ ಬಳಕೆ ಸಮೀಕ್ಷೆ ಹೇಳುತ್ತದೆ. ‘ದವಾಖಾನಿಗಿ ಹೋದ್ರ ಅವತ್ತಿನ ಕೂಲಿ ಹೋಯ್ತರೀ ಯಪ್ಪಾ’ ಎಂದಳೊಬ್ಬ ಅಜ್ಜಿ. ಸರ್ಕಾರಿ ದವಾಖಾನೆಯಲ್ಲಿ ಚಿಕಿತ್ಸೆ ಉಚಿತವಿರಬಹುದು, ಆಕೆಯ ದಿನ ಉಚಿತವಲ್ಲ. ಬಿಳಿ ಸೆರಗು, ಬೆನ್ನುನೋವು ವರ್ಷಗಟ್ಟಲೆ ಮುಂದೂಡಲ್ಪಡುತ್ತವೆ. ಆಮೇಲೆ ಒಂದೇ ಸಲಕ್ಕೆ ‘ಮುಗಿಸಿಬಿಡುವ’ ಶಸ್ತ್ರಚಿಕಿತ್ಸೆಯ ಸಲಹೆ ಕಿವಿಗೆ ಹಿತವಾಗಿ ಕೇಳುತ್ತದೆ. ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ, ಇನ್ನೂ ನಲವತ್ತು ದಾಟದವರಿಗೂ, ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಸಂಗತಿ 2015ರಲ್ಲಿ ಬಯಲಿಗೆ ಬಂದಾಗ ರಾಜ್ಯವೇ ಬೆಚ್ಚಿತು. ತನಿಖೆ ನಡೆಯಿತು, ವರದಿ ಬಂತು. ಆ ಹೆಣ್ಣುಮಕ್ಕಳು ಮತ್ತೆ ಹೊಲಕ್ಕೇ ಬಗ್ಗಿದರು.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದ ಋತುಚಕ್ರ ರಜೆಗೆ ಒಪ್ಪಿಗೆ ನೀಡಿದ್ದು ಸ್ವಾಗತಾರ್ಹ. ಕಚೇರಿ, ಕಾರ್ಖಾನೆಗಳ ಹೆಣ್ಣುಮಕ್ಕಳು ಅದನ್ನು ಕೇಳಿ ಪಡೆಯಬಲ್ಲರು. ತೊಗರಿ ಸಾಲಿನಲ್ಲಿರುವವಳು ಯಾರಿಗೆ ಅರ್ಜಿ ಕೊಡಬೇಕು?

ಸೇವೆಯಲ್ಲಿದ್ದಾಗ ನಾನೂ ‘ದೂರುಗಳಿಲ್ಲ’ ಎಂದು ಬರೆದ ತಪಾಸಣಾ ವರದಿಗಳನ್ನು ಮರುಪ್ರಶ್ನೆಯಿಲ್ಲದೆ ಮೇಲಕ್ಕೆ ಕಳಿಸಿದ್ದೇನೆ. ದೂರು ಕೊಟ್ಟವಳಿಗೆ ಮರುದಿನ ಕೆಲಸವಿರುವುದಿಲ್ಲವೆಂಬುದು ತಿಳಿಯದ ಸಂಗತಿಯೇನಲ್ಲ. ಈಗ ತುರ್ತಾಗಿ ಆಗಬೇಕಾದದ್ದು ಎರಡು. ಕಾಮಗಾರಿ ನಿಲ್ಲಿಸುವ 60 ದಿನಗಳನ್ನು ಗೊತ್ತುಪಡಿಸುವ ಮೊದಲು ಸರ್ಕಾರ ಹೆಣ್ಣಾಳುಗಳ ಮಾತನ್ನು ಗ್ರಾಮಸಭೆಯಲ್ಲಿ ಕೇಳಿ ದಾಖಲಿಸಲಿ. ಆ ಅವಧಿಯಲ್ಲಿ ಕನಿಷ್ಠ ವೇತನದ ತಪಾಸಣೆ ಕಚೇರಿಯಲ್ಲಲ್ಲ, ಹೊಲದ ಬದುವಿನಲ್ಲಿ ನಡೆಯಲಿ. ಹಾಗೆಯೇ ಕಳೆ ಮತ್ತು ಕೊಯ್ಲಿನ ತಿಂಗಳುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಸಂಜೆ, ಕೂಲಿ ಮುಗಿಸಿ ಬಂದವರಿಗಾಗಿ, ಒಬ್ಬ ಮಹಿಳಾ ವೈದ್ಯೆ ಕುಳಿತಿರಲಿ.